ಮೈದಾನ ಬಿಡಬೇಡ, ತಮ್ಮಾ

ಕಬಡ್ಡಿ ಬಿಟ್ಟುಬಿಡ್ತೀನಿ ಅಂತ ಮುಖ ಗಂಟು ಹಾಕ್ಕೊಂಡು ಕೂತಿದ್ದೀಯಂತೆ. ನಿನ್ನ ವಯಸ್ಸಿನಲ್ಲಿ ಎಲ್ಲಾ ನಿರ್ಧಾರಗಳೂ ಊಟಕ್ಕೆ ಮುಂಚೆಯೇ ಆಗಿಬಿಡುತ್ತವೆ. ಮೊದಲು ಉಣ್ಣು, ಆಮೇಲೆ ಕೇಳು.

ಸಿಂಧನೂರಾಗಲಿ, ಲಿಂಗಸುಗೂರಾಗಲಿ, ಮಸ್ಕಿಯಾಗಲಿ, ಹೈಸ್ಕೂಲ್ ಮೈದಾನದ ಬಾಯಿ ಒಂದೇ. ಹುಡುಗ ಮೆತ್ತಗೆ ಮಾತಾಡಿದರೆ ಹೆಣ್ಣಿಗ, ಕೈ ತಿರುವಿದರೆ ಚಕ್ಕಾ, ಏನೂ ಮಾಡದೆ ನಿಂತರೂ ಖೋಜಾ. ಸೋತು ಬಂದವನಿಗೆ “ಬಳಿ ಇಟ್ಕೊಂಡು ಮನ್ಯಾಗ ಕೂಡ್ರು” ಅಂತ ಮಂಗಳಾರತಿ. ಕೆಲವು ಪಿಟಿ ಮಾಸ್ತರರೂ ಹುರುಪು ತುಂಬುತ್ತೇವೆ ಅಂದುಕೊಂಡು ಇದನ್ನೇ ಆಡುತ್ತಾರೆ. ಆಚೆ ಅಂಕಣದಲ್ಲಿ ಖೋಖೋ ಆಡುವ ಹುಡುಗಿಯರು ಇವರಿಗಿಂತ ಜೋರಾಗಿ ಓಡುತ್ತಿರುತ್ತಾರೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಬಡ್ಡಿ ಎಂಥ ಆಟ ನೋಡು. ತೊಡೆ ತಬ್ಬಬೇಕು, ಸೊಂಟ ಹಿಡಿಯಬೇಕು, ಏಳು ಜನ ಒಬ್ಬನ ಮೇಲೆ ಬೀಳಬೇಕು. ಗೆದ್ದರೆ ಒಬ್ಬರನ್ನೊಬ್ಬರು ಎತ್ತಿಕೊಂಡು ಮುದ್ದು ಬೇರೆ. ಇದಕ್ಕೆಲ್ಲ ಯಾರದೂ ತಕರಾರಿಲ್ಲ. ನಿನ್ನ ಮನಸ್ಸು ಹುಡುಗರ ಕಡೆ ಅಂತ ಗುಸುಗುಸು ಆದ ಮರುದಿನ ಮಾತ್ರ “ಇವನ ಕೈಗೆ ಸಿಗಬ್ಯಾಡ್ರಪೋ” ಅಂತ ನಗುತ್ತಾರೆ. ಜಿಲ್ಲಾ ಮಟ್ಟಕ್ಕೆ ರಾಯಚೂರಿಗೆ ಹೋದಾಗ ಯಾವುದೋ ಶಾಲೆಯ ಕೋಣೆಯಲ್ಲಿ ಬೆಂಚು ಸರಿಸಿ, ಜಮಖಾನೆ ಹಾಸಿ, ಸಾಲಾಗಿ ಮಲಗುತ್ತೀರಲ್ಲ, ಅಲ್ಲಿ ನಿನ್ನ ಚಾದರದ ಎರಡೂ ಕಡೆ ಜಾಗ ಖಾಲಿ. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ. ತಂಡದ ಹುಡುಗರನ್ನು ಕರೆದುಕೊಂಡು ಹೋಗಿ ಅಂಥ ಕೋಣೆಗಳಲ್ಲಿ ನಾನೂ ಉಳಿದವನೇ, ನೋಡಿದ್ದೇನೆ.

ನಮ್ಮ ಸೀಮೆಯವರ ತಮಾಷೆ ಇನ್ನೊಂದಿದೆ. ಎಲ್ಲಮ್ಮನ ಕೊಡ ಹೊತ್ತು ಜೋಗಪ್ಪ ಬಂದರೆ ಮನೆಮಂದಿಯೆಲ್ಲ ಕೈಮುಗಿದು ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಸಂಜೆ ಮೈದಾನದಲ್ಲಿ ಅದೇ ಹೆಸರು ಬೈಗುಳವಾಗುತ್ತದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಇಂಥದ್ದನ್ನೆಲ್ಲ ದಾಟಿಯೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಅವರದು ಹೆಣ್ಣಾಗಿ ಬಾಳುವ ದಾರಿ. ನೀನು ಹುಡುಗ, ನಿನಗೆ ಹುಡುಗರು ಇಷ್ಟ, ಅಷ್ಟೇ. ಬಯ್ಯುವವರು ಎರಡನ್ನೂ ಕಲಸಿದರೆ ಕಲಸಲಿ, ನೀನು ಗೊಂದಲ ಮಾಡಿಕೊಳ್ಳಬೇಡ. ನಿನ್ನ ದಾರಿಯವರ ಕಥೆ ಬೇಕೆಂದರೆ ಸಂಡೂರಿನ ವಸುಧೇಂದ್ರರ ‘ಮೋಹನಸ್ವಾಮಿ’ ಇದೆ, 2013ರಲ್ಲಿ ಬಂದದ್ದು. ಸ್ವಲ್ಪ ದೊಡ್ಡವನಾದ ಮೇಲೆ ಓದು. ಅಲ್ಲಿಯತನಕ ನೀನೆಲ್ಲಿ ಕಾಯುತ್ತೀ, ಬಿಡು.

ಓಟಗಾರ್ತಿ ದ್ಯುತಿ ಚಂದ್ ಹೆಸರು ನಿನಗೆ ಗೊತ್ತು. ಒಡಿಶಾದ ನೇಕಾರರ ಮನೆ ಹುಡುಗಿ. ಮೈಯಲ್ಲಿ ಗಂಡಸರ ಹಾರ್ಮೋನು ಜಾಸ್ತಿ ಅಂತ 2014ರಲ್ಲಿ ಕಾಮನ್‌ವೆಲ್ತ್ ತಂಡದಿಂದ ತೆಗೆದರು. ಆಕೆ ಮನೆಗೆ ಹೋಗಿ ಕೂರಲಿಲ್ಲ, ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಗೆದ್ದಳು. 2019ರ ಮೇನಲ್ಲಿ, ತಾನು ಪ್ರೀತಿಸುತ್ತಿರುವುದು ಒಬ್ಬ ಹುಡುಗಿಯನ್ನು ಅಂತ ಹೇಳಿದಳು. ಮನೆಯವರೇ ಸಿಟ್ಟಾದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ, ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ 100 ಮೀಟರನ್ನು 11.32 ಸೆಕೆಂಡಿನಲ್ಲಿ ಓಡಿ ಚಿನ್ನ ತಂದಳು. ಮುಂದೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕು 2023ರಲ್ಲಿ ನಾಲ್ಕು ವರ್ಷ ನಿಷೇಧವೂ ಆಯಿತು. ಅದನ್ನು ಮುಚ್ಚಿಟ್ಟು ನಿನಗೆ ಹರಿಕಥೆ ಹೇಳಲಾರೆ.

ಈಗ ‘ಆಕೆ ಹೇಳಿದಳಲ್ಲ, ನಾನೂ ಇವತ್ತೇ ಸ್ಟೇಟಸ್ ಹಾಕ್ತೀನಿ’ ಅಂತ ಮೊಬೈಲ್ ತೆಗೀಬೇಡ. ಆಕೆ ಹೇಳುವಾಗ 23 ವರ್ಷ. ಏಷ್ಯನ್ ಗೇಮ್ಸ್‌ನ ಎರಡು ಬೆಳ್ಳಿ ಕೊರಳಲ್ಲಿದ್ದವು, ದುಡಿಮೆ ಕೈಯಲ್ಲಿತ್ತು. ಒಂದೇ ಲಿಂಗದ ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿತ್ತು. ನೀನಿನ್ನೂ ಅಪ್ಪನ ಅನ್ನ ಉಣ್ಣುವವನು. ರೈಡಿಗೆ 30 ಸೆಕೆಂಡು ಕೊಟ್ಟರೆ ಐದರಲ್ಲೇ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತೀಯಲ್ಲ, ಇಲ್ಲೂ ಹಾಗೆ ಮಾಡಬೇಡ. ಮೊದಲು ಒಬ್ಬರಿಗೆ ಹೇಳು. ಯಾರಿಗೆ ಅಂದರೆ, ಇನ್ನೊಬ್ಬರ ಗುಟ್ಟನ್ನು ನಿನ್ನ ಮುಂದೆ ಯಾವತ್ತೂ ಆಡದವರಿಗೆ. ಅಪ್ಪ-ಅವ್ವನಿಗೆ ಹೇಳುವುದಾದರೆ, ಕೆಳಭಾಗಕ್ಕೆ ಕಾಲುವೆ ನೀರು ಬರಲಿಲ್ಲ ಅಂತ ಅಪ್ಪ ತಲೆಮೇಲೆ ಕೈಹೊತ್ತು ಕೂತ ದಿನ ಬೇಡ. ಮನೆಯಿಂದ ಹೊರಗೆ ಹಾಕುತ್ತಾರೆ ಅನ್ನುವ ಭಯ ಇದ್ದರೆ ಸದ್ಯ ಸುಮ್ಮನಿರು. ಅದೇನು ಸುಳ್ಳು ಹೇಳಿದಂತಲ್ಲ.

ಇನ್ನು ತಾಯತ ಕಟ್ಟಿಸೋಣ, ಬೇಗ ಮದುವೆ ಮಾಡೋಣ ಅನ್ನುವ ಸೋದರಮಾವಂದಿರು ಹುಟ್ಟಿಕೊಳ್ಳುತ್ತಾರೆ. ರೋಗ ಇದ್ದರೆ ತಾನೇ ಮದ್ದು? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಮದುವೆಯ ಮಾತು ಬಂದರೆ ನಿನ್ನ ಜೊತೆ ಇನ್ನೊಬ್ಬರ ಮಗಳ ಬಾಳೂ ನೆನಪಿರಲಿ.

ಬಯ್ಯುವವರಿಗೆ ಮಾತಿಗೆ ಮಾತು ಕೊಡು, ಬೇಡ ಅನ್ನುವುದಿಲ್ಲ. ಕೈ ಎತ್ತಬೇಡ, ತಂಡದಿಂದ ಹೊರಬೀಳುವವನು ನೀನೇ. ಆದರೆ ಚಡ್ಡಿ ಎಳೆಯುವುದು, ಎಲ್ಲೆಂದರಲ್ಲಿ ಕೈ ಹಾಕುವುದು, ಬಚ್ಚಲಲ್ಲಿ ವಿಡಿಯೊ ಮಾಡುವುದು ಹುಡುಗಾಟದ ಲೆಕ್ಕಕ್ಕೆ ಬರುವುದಿಲ್ಲ. 2012ರ ಪೋಕ್ಸೊ ಕಾಯ್ದೆ ಹುಡುಗರನ್ನೂ ಕಾಯುತ್ತದೆ. ತಾರೀಕು, ಜಾಗ, ಯಾರಿದ್ದರು ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡು. ಹೆಡ್‌ಮಾಸ್ತರರು ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ರಾತ್ರಿ ಎದೆ ಹಿಂಡಿದಂತಾಗಿ ಬದುಕೇ ಬೇಡ ಅನಿಸಿದರೆ 14416, ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ಎಷ್ಟೊತ್ತಿಗಾದರೂ. ನಾಚಿಕೆ ಪಡಬೇಡ. ಮತ್ತೆ ಮೊಬೈಲಿನಲ್ಲಿ ಬೆಲ್ಲದ ಮಾತಾಡಿ ಲಾಡ್ಜಿಗೆ ಕರೆಯುವ ದೊಡ್ಡವರ ಸಹವಾಸ ಬೇಡವೇ ಬೇಡ. ಇವತ್ತು ಫೋಟೊ ಕೇಳಿದವನು ನಾಳೆ ಅದನ್ನೇ ತೋರಿಸಿ ದುಡ್ಡು ಕೇಳುತ್ತಾನೆ.

ನಾಳೆ ಸಂಜೆ ಮೈದಾನಕ್ಕೆ ಬಾ. ಬೋನಸ್ ಗೆರೆ ದಾಟುವಾಗ ನಿನ್ನ ಹಿಂದಿನ ಕಾಲು ನೆಲ ಬಿಟ್ಟು ಏಳುವುದೇ ಇಲ್ಲ, ಆಮೇಲೆ ಪಾಯಿಂಟ್ ಕೊಡಲಿಲ್ಲ ಅಂತ ಅಂಪೈರ್ ಜೊತೆ ಜಗಳ. ತಾಲೂಕು ಮಟ್ಟದ ಪಂದ್ಯದೊಳಗೆ ಅದನ್ನು ತಿದ್ದಬೇಕು.