ಉಗಿಗೆ ದಾರಿ ಬಿಡುವ ಗಾಳಿಕಿಂಡಿ



ಮನೆಯಲ್ಲಿ ಪ್ರೆಷರ್ ಕುಕ್ಕರಿನಿಂದ ಅಡಿಗೆ ಮಾಡುವುದನ್ನು ನೀವೆಲ್ಲರೂ ನೋಡಿದ್ದೀರಿ. ಕ್ರಮವನ್ನು ಬಲ್ಲವರು ಮುಚ್ಚಳವನ್ನು ಹಾಕಿದೊಡನೆ ಅದರ ಮೇಲೆ ಭಾರವನ್ನಿಡುವುದಿಲ್ಲ. ನಳಿಗೆಯಿಂದ ಉಗಿಯು ಒಂದೇ ಸಮನೆ ಹೊರಡುವವರೆಗೆ ಕಾಯುತ್ತಾರೆ. ಇದೇಕೆ? ಪಾತ್ರೆಯೊಳಗಿನ ಗಾಳಿಯು ಮೊದಲು ಹೊರಗೆ ಹೋಗಬೇಕು. ಗಾಳಿ ಸ್ಥಳವನ್ನು ತೆರವು ಮಾಡಿಕೊಟ್ಟಲ್ಲದೆ ಉಗಿಯು ಅಲ್ಲಿಗೆ ಬರಲಾರದು. ಈ ಚಿಕ್ಕ ನಿಯಮದ ಮೇಲೆಯೇ ದೂರದ ಅಮೇರಿಕದಲ್ಲಿ ಅನೇಕ ಹಳೆಯ ಮನೆಗಳ ಚಳಿಗಾಲದ ಸುಖವು ನಿಂತಿದೆ.

ಮುಂಬಯಿಯಲ್ಲಿರುವ ನಮಗೆ ಮನೆಯನ್ನು ಬೆಚ್ಚಗಿಡುವ ಚಿಂತೆಯಿಲ್ಲ. ಆದರೆ ನ್ಯೂಯಾರ್ಕ್, ಶಿಕಾಗೋ ಮುಂತಾದ ನಗರಗಳಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಿನಲ್ಲಿ ಹೊರಗಿನ ಉಷ್ಣತೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ, ಬಾಡಿಗೆಯ ಮನೆಯ ಒಳಗೆ ಕನಿಷ್ಠ 68 ಡಿಗ್ರಿ ಇರಲೇಬೇಕೆಂದು ನ್ಯೂಯಾರ್ಕಿನ ಕಾಯಿದೆ ವಿಧಿಸುತ್ತದೆ. ಅಲ್ಲಿಯ ಹಳೆಯ ಕಟ್ಟಡಗಳಲ್ಲಿ ಹಲವು ಇಂದಿಗೂ ಉಗಿಯಿಂದಲೇ ಬೆಚ್ಚಗಾಗುತ್ತವೆ.

ವ್ಯವಸ್ಥೆಯ ರೀತಿ

ನೆಲಮಾಳಿಗೆಯ ಬಾಯ್ಲರಿನಲ್ಲಿ ನೀರು ಕುದಿದು ಉಗಿಯಾಗುತ್ತದೆ. ಉಗಿಯು ದೊಡ್ಡ ಕೊಳವೆಯ ಮೂಲಕ ಹರಿದು, ಅಲ್ಲಿಂದ ಕವಲೊಡೆದು, ಪ್ರತಿಯೊಂದು ಕೋಣೆಯಲ್ಲಿರುವ ಬೀಡುಕಬ್ಬಿಣದ ರೇಡಿಯೇಟರನ್ನು ಸೇರುತ್ತದೆ. ಅಲ್ಲಿ ಅದು ತಣಿದು ನೀರಾಗುವಾಗ ಗ್ರಾಮಿಗೆ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ; ಕೋಣೆ ಬೆಚ್ಚಗಾಗುವುದು ಇದರಿಂದಲೇ. ಒಂಟಿಕೊಳವೆಯ ಪದ್ಧತಿಯಲ್ಲಿ ಆ ನೀರು ಉಗಿ ಬಂದ ಕೊಳವೆಯಲ್ಲಿಯೇ ಹಿಂದಕ್ಕೆ ಇಳಿಯುತ್ತದೆ.

ಬಾಯ್ಲರು ಆರಿದಾಗಲೆಲ್ಲ ಕೊಳವೆಗಳಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಅದನ್ನು ಹೊರಹಾಕಲು ಇರುವ ಸಾಧನವೇ ಏರ್‌ವೆಂಟ್, ಅಂದರೆ ಗಾಳಿಕಿಂಡಿ. ಸಾಮಾನ್ಯವಾಗಿ ಅದರೊಳಗೆ ಬೇಗ ಆವಿಯಾಗುವ ದ್ರವವನ್ನು ತುಂಬಿದ ಒಂದು ಸಣ್ಣ ಡಬ್ಬಿಯಿರುತ್ತದೆ. ತಣ್ಣನೆಯ ಗಾಳಿ ಹೋಗುವಾಗ ಕಿಂಡಿ ತೆರೆದಿರುತ್ತದೆ. ಬಿಸಿ ಉಗಿ ತಾಕಿದೊಡನೆ ಡಬ್ಬಿ ಉಬ್ಬಿ, ಅದರ ಮೇಲಿನ ಮೊಳೆಯು ರಂಧ್ರವನ್ನು ಮುಚ್ಚುತ್ತದೆ.

ಆಯ್ಕೆಯ ಲೆಕ್ಕ

ಹಳೆಯ ಕಿಂಡಿಗಳು ತುಕ್ಕಿನಿಂದಲೋ ಬಣ್ಣ ಬಳಿದುದರಿಂದಲೋ ಕಟ್ಟಿಕೊಂಡರೆ ಹೊಸವನ್ನು ಹಾಕಬೇಕು. ಆದರೆ ಸಿಕ್ಕಿದ್ದನ್ನು ತಂದು ತಿರುಗಿಸಿ ಕೂರಿಸಿದರೆ ಸಾಲದು. ಮೊದಲು ಎಷ್ಟು ಗಾಳಿಯನ್ನು ಹೊರಹಾಕಬೇಕೆಂದು ಎಣಿಸಬೇಕು.

ದೊಡ್ಡ ಕೊಳವೆಯ ಒಳವ್ಯಾಸ 2 ಅಂಗುಲ, ಉದ್ದ 30 ಅಡಿ ಎಂದಿಟ್ಟುಕೊಳ್ಳಿ. ತ್ರಿಜ್ಯ 1 ಅಂಗುಲ, ಉದ್ದ 360 ಅಂಗುಲ. ಘನಫಲ 3.14 × 1 × 1 × 360, ಎಂದರೆ ಸುಮಾರು 1,130 ಘನ ಅಂಗುಲ. ಇದು 18 ಲೀಟರಿಗೂ ಸ್ವಲ್ಪ ಹೆಚ್ಚು. ಒಂದು ದೊಡ್ಡ ಬಕೇಟಿನಷ್ಟು ಗಾಳಿ! ಇಷ್ಟೂ ರೇಡಿಯೇಟರುಗಳ ಸೂಜಿಮೊನೆಯಂಥ ರಂಧ್ರಗಳಿಂದ ಹೊರಡಬೇಕಾದರೆ ಬಹಳ ಹೊತ್ತು ಹಿಡಿಯುತ್ತದೆ. ಆದುದರಿಂದ ದೊಡ್ಡ ಕೊಳವೆಯ ತುದಿಯಲ್ಲಿ ವೇಗವಾಗಿ ಗಾಳಿ ಬಿಡುವ ದೊಡ್ಡ ಕಿಂಡಿಯನ್ನು ಹಾಕಬೇಕು. ಇದು ಮೊದಲನೆಯ ನಿಯಮ.

ರೇಡಿಯೇಟರುಗಳ ವಿಷಯದಲ್ಲಿ ನಿಯಮ ಬೇರೆ. ಇಲ್ಲಿ ವೇಗಕ್ಕಿಂತ ಸಮತೋಲವೇ ಮುಖ್ಯ. ಬಾಯ್ಲರಿಗೆ ಹತ್ತಿರವಿರುವ ಸಣ್ಣ ರೇಡಿಯೇಟರಿಗೆ ನಿಧಾನದ ಕಿಂಡಿ, ದೂರದ ದೊಡ್ಡದಕ್ಕೆ ಹೆಚ್ಚು ವೇಗದ ಕಿಂಡಿ ತಕ್ಕದ್ದು. ಇದಕ್ಕೆಂದೇ ಗಾರ್ಟನ್ ಎಂಬ ಹೆಸರಿನ ಕಿಂಡಿಗಳು 4, 5, 6, ಸಿ, ಡಿ ಎಂಬ ಗುರುತುಗಳಲ್ಲಿ ಬರುತ್ತವೆ. 4 ಅತಿ ನಿಧಾನ, ಡಿ ಅತಿ ವೇಗ. ಎಲ್ಲೆಡೆಯೂ ಅತಿ ವೇಗದ್ದನ್ನೇ ಹಾಕಿದರೆ ಉಗಿಯು ರಭಸದಿಂದ ನುಗ್ಗಿ, ಇಳಿಯುವ ನೀರನ್ನು ತಡೆಯುತ್ತದೆ. ರೇಡಿಯೇಟರು ಬಡಿದುಕೊಳ್ಳುತ್ತದೆ, ಕಿಂಡಿ ನೀರುಗುಳುತ್ತದೆ. ಥರ್ಮೋಸ್ಟಾಟ್ ಇರುವ ಕೋಣೆಯೇ ಎಲ್ಲಕ್ಕಿಂತ ಮೊದಲು ಬೆಚ್ಚಗಾದರೆ ಬಾಯ್ಲರು ನಿಂತು, ಉಳಿದ ಕೋಣೆಗಳು ತಣ್ಣಗೇ ಉಳಿಯುತ್ತವೆ.

ಸಾಮಾನ್ಯವಾದ ತಪ್ಪು

ಲೆಕ್ಕ ತಪ್ಪಿದ ಮನೆಯಲ್ಲಿ ದೂರದ ಕೋಣೆಯ ವೃದ್ಧರು ನಡುಗುತ್ತಿರುವಾಗ, ಹತ್ತಿರದ ಕೋಣೆಯವರು ಸೆಕೆಯನ್ನು ತಾಳಲಾರದೆ ಕಿಟಕಿಯನ್ನು ತೆರೆಯುತ್ತಾರೆ. ದುಡ್ಡು ಕೊಟ್ಟ ಇಂಧನವೆಲ್ಲ ಬೀದಿಗೆ ಹೋಗುತ್ತದೆ. ಆಗ ಕೆಲವರು ಬಾಯ್ಲರಿನ ಒತ್ತಡವನ್ನು ಏರಿಸುತ್ತಾರೆ. ಇದು ಸರಿಯಲ್ಲ. ಇಂಥ ಮನೆಗೆ ಚದರ ಅಂಗುಲಕ್ಕೆ 2 ಪೌಂಡಿಗಿಂತ ಹೆಚ್ಚಿನ ಒತ್ತಡ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೆಚ್ಚಿದರೆ ಇಂಧನ ನಷ್ಟ, ಕಿಂಡಿಗಳೂ ಬೇಗ ಕೆಡುತ್ತವೆ. ನೀರುಗುಳುವ ಕಿಂಡಿಯನ್ನು ದೂರುವ ಮೊದಲು ರೇಡಿಯೇಟರು ಕೊಳವೆಯ ಕಡೆಗೆ ಕೊಂಚ ಇಳಿಜಾರಾಗಿದೆಯೇ, ಅದರ ಕವಾಟ ಪೂರ್ಣ ತೆರೆದಿದೆಯೇ ಎಂದು ನೋಡಬೇಕು. ಕಿಂಡಿಯನ್ನು ಬದಲಿಸುವುದಾದರೆ ಬಾಯ್ಲರನ್ನು ನಿಲ್ಲಿಸಿ, ಎಲ್ಲವೂ ತಣಿದ ಬಳಿಕವೇ ಬಿಚ್ಚಬೇಕು. ಉಗಿಯ ಸುಡುಗಾಯ ಬಹು ಕಠಿಣ.

ವಿದ್ಯಾರ್ಥಿಗಳೇ, ಬಲವನ್ನು ಹೆಚ್ಚಿಸುವುದಕ್ಕಿಂತ ಮೊದಲು ಅಡ್ಡಿಯನ್ನು ಅಳೆದು ನೋಡಿರಿ. ಗಣಿತದ ಪುಸ್ತಕದಲ್ಲಿ ನೀವು ಬೇಸರದಿಂದ ಬಿಡಿಸುವ ಸಿಲಿಂಡರಿನ ಲೆಕ್ಕವೇ ಒಬ್ಬರ ಕೋಣೆಯನ್ನು ಬೆಚ್ಚಗಿಡಬಲ್ಲದು.

ಅಭ್ಯಾಸ

1. ಮೇಲಿನ ಕೊಳವೆಯ ಉದ್ದ ಅಷ್ಟೇ ಇದ್ದು ವ್ಯಾಸವು 4 ಅಂಗುಲವಾದರೆ ಅದರಲ್ಲಿರುವ ಗಾಳಿ ಎಷ್ಟು ಪಟ್ಟು ಹೆಚ್ಚುವುದು?
2. ದೊಡ್ಡ ಕೊಳವೆಗೆ ವೇಗದ ಕಿಂಡಿ, ಹತ್ತಿರದ ಸಣ್ಣ ರೇಡಿಯೇಟರಿಗೆ ನಿಧಾನದ ಕಿಂಡಿ ಏಕೆ? ಕಾರಣ ಕೊಡಿರಿ.