ಜಾಲತಾಣದ ಕುಕೀ: ನಮ್ಮ ಗರಜು ಯಾರಿಗೆ ತಿಳಿಯುತ್ತದೆ?

ಅಡಿಕೆ, ಕಾಫಿ, ಕಾಳುಮೆಣಸಿನ ದಿನದ ಧಾರಣೆ ತಿಳಿಯಲು ಈಗ ನಮ್ಮ ಅನೇಕ ಸದಸ್ಯರು ಮೊಬೈಲನ್ನೇ ತೆರೆಯುತ್ತಾರೆ. ಜಾಲತಾಣ ತೆರೆದ ಕೂಡಲೆ ಪರದೆಯ ಅಡಿಯಲ್ಲಿ ‘ಈ ತಾಣವು ಕುಕೀಗಳನ್ನು ಬಳಸುತ್ತದೆ, ಒಪ್ಪುತ್ತೀರಾ?’ ಎಂಬ ಅರ್ಥದ ಬರಹ ಮೂಡುವುದುಂಟು. ದರ ನೋಡುವ ಅವಸರದಲ್ಲಿ ಒಪ್ಪಿಗೆ ಒತ್ತಿ ಮುಂದೆ ಹೋಗುವುದು ವಾಡಿಕೆಯಾಗಿದೆ. ಒಪ್ಪಿದ್ದು ಯಾವುದಕ್ಕೆ, ಅದರಿಂದ ಬೆಳೆಗಾರನಿಗೆ ಏನು ಲಾಭ, ಏನು ನಷ್ಟ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಉದಾಹರಣೆಯನ್ನು ನಮ್ಮ ಮಲೆನಾಡಿನಿಂದಲ್ಲ, ದೂರದ ವಿಜಯಪುರದಿಂದ ತೆಗೆದುಕೊಳ್ಳುತ್ತೇವೆ. ಅಥಣಿ ದಾರಿಯ ತಿಕೋಟಾ, ಜಮಖಂಡಿ ದಾರಿಯ ಬಬಲೇಶ್ವರ, ಇವೆರಡರ ಸುತ್ತಿನ ಹಳ್ಳಿಗಳಲ್ಲಿ ದ್ರಾಕ್ಷಿ ತೋಟಗಳಿವೆ. ಅಲ್ಲಿ ಬಹಳ ಮಂದಿ ಹಣ್ಣನ್ನು ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಸಿಗುತ್ತದೆ. ದರ ಕಡಿಮೆಯಿದ್ದರೆ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ವಿಜಯಪುರದ ಪೇಟೆ, ಮಹಾರಾಷ್ಟ್ರದ ಸಾಂಗಲಿ, ತಾಸಗಾಂವ ಪೇಟೆಗಳ ದರ ನೋಡುತ್ತ ಕಾಯುತ್ತಾರೆ. ನಾವು ಚಾಲಿಯನ್ನು ಅಟ್ಟದ ಮೇಲಿಟ್ಟು, ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿನಲ್ಲಿಟ್ಟು ಕಾಯುವುದೂ ಇದೇ ರೀತಿ. ಕಾಯಬಲ್ಲವನಿಗೆ ದರ, ಕಾಯಲಾರದವನಿಗೆ ಸಿಕ್ಕಿದ್ದೇ ದರ. ಆದುದರಿಂದಲೇ ಈ ಉದಾಹರಣೆ ನಮಗೂ ಸಲ್ಲುತ್ತದೆ.

ಕುಕೀ ಎಂದರೇನು?

ಜಾಲತಾಣವನ್ನು ನಮಗೆ ತೋರಿಸುವ ಸಾಧನಕ್ಕೆ ಬ್ರೌಸರ್ ಎಂದು ಹೆಸರು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಇತ್ಯಾದಿ. ಬ್ರೌಸರ್ ಕೇಳುತ್ತದೆ, ಜಾಲತಾಣ ಕೊಡುತ್ತದೆ. ಆದರೆ ಈ ವ್ಯವಹಾರದ ಮೂಲ ನಿಯಮದಲ್ಲಿ ನೆನಪು ಎಂಬುದಿಲ್ಲ. ಒಂದು ಪುಟ ಕೊಟ್ಟ ಕ್ಷಣವೇ ಜಾಲತಾಣವು ಕೇಳಿದವರನ್ನು ಮರೆತುಬಿಡುತ್ತದೆ. ಈ ಕೊರತೆಯನ್ನು ನೀಗಲು ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ ಎಂಬವರು 1994ರಲ್ಲಿ ಕುಕೀಯನ್ನು ರೂಪಿಸಿದರು. ಹೆಸರು ಬಿಸ್ಕತ್ತಿನದಾದರೂ ತಿನಿಸಿಗೂ ಇದಕ್ಕೂ ಸಂಬಂಧವಿಲ್ಲ. ಕಂಪ್ಯೂಟರ್ ತಜ್ಞರು ಗುರುತಿನ ತುಣುಕಿಗೆ ಮೊದಲೇ ಬಳಸುತ್ತಿದ್ದ ‘ಮ್ಯಾಜಿಕ್ ಕುಕೀ’ ಎಂಬ ಮಾತಿನಿಂದ ಅದು ಬಂದಿದೆ.

ಕೋಲ್ಡ್ ಸ್ಟೋರೇಜಿಗೆ ಮಾಲು ಹಾಕಿದಾಗ ಕೊಡುವ ಚೀಟಿಯನ್ನು ನೆನಪಿಗೆ ತಂದುಕೊಳ್ಳಿ. ಚೀಟಿಯಲ್ಲಿ ಒಂದು ನಂಬರು ಇದ್ದರೆ ಸಾಕು. ಯಾವ ಊರು, ಎಷ್ಟು ಮಾಲು, ಎಂದು ತಂದದ್ದು ಎಂಬ ವಿವರವೆಲ್ಲ ಅವರ ಲೆಡ್ಜರಿನಲ್ಲಿರುತ್ತದೆ. ಕುಕೀಯೂ ಅಂತಹ ಚೀಟಿಯೇ. ಜಾಲತಾಣ ಅದನ್ನು ಬರೆದು ನಮ್ಮ ಬ್ರೌಸರಿನ ಕೈಗೆ ಕೊಡುತ್ತದೆ. ಮುಂದಿನ ಸಲ ಅದೇ ತಾಣಕ್ಕೆ ಹೋದಾಗ ಬ್ರೌಸರ್ ತಾನಾಗಿಯೇ ಚೀಟಿ ತೋರಿಸುತ್ತದೆ. ಒಂದು ಕುಕೀಯಲ್ಲಿ ಹಿಡಿಯುವ ಬರಹ ಸುಮಾರು ನಾಲ್ಕು ಸಾವಿರ ಅಕ್ಷರಗಳಷ್ಟು ಮಾತ್ರ. ನಮ್ಮ ಬಗೆಗಿನ ದೊಡ್ಡ ಲೆಕ್ಕ ಇರುವುದು ಜಾಲತಾಣದವರ ಲೆಡ್ಜರಿನಲ್ಲಿ. ಈ ಅಂಶವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು.

ಕುಕೀ ವೈರಸ್ ಅಲ್ಲ. ಅದು ಮೊಬೈಲಿನ ಫೋಟೋಗಳನ್ನಾಗಲಿ ಫೋನ್ ನಂಬರುಗಳನ್ನಾಗಲಿ ಓದಲಾರದು. ಒಂದು ತಾಣ ಕೊಟ್ಟ ಚೀಟಿಯನ್ನು ಬ್ರೌಸರ್ ಇನ್ನೊಂದು ತಾಣಕ್ಕೆ ತೋರಿಸುವುದೂ ಇಲ್ಲ. ಹಾಗಾದರೆ ತೊಂದರೆ ಎಲ್ಲಿಂದ ಬಂತು?

ಮನೆಯ ಚೀಟಿ, ಹೊರಗಿನವರ ಚೀಟಿ

ತಿಕೋಟಾದ ಬೆಳೆಗಾರರೊಬ್ಬರು ದರದ ಜಾಲತಾಣ ತೆರೆದು, ಭಾಷೆ ಕನ್ನಡ, ಪೇಟೆ ವಿಜಯಪುರ ಎಂದು ಆರಿಸಿದರು ಎಂದಿಟ್ಟುಕೊಳ್ಳೋಣ. ಮರುದಿನ ತೆರೆದಾಗ ಅದೇ ಭಾಷೆ, ಅದೇ ಪೇಟೆ ಸಿದ್ಧವಾಗಿರುತ್ತವೆ. ಇದು ತಾಣದವರೇ ಕೊಟ್ಟ ಕುಕೀಯ ಉಪಕಾರ. ಬ್ಯಾಂಕಿನ ತಾಣದಲ್ಲಿ ಪಾಸ್‌ವರ್ಡ್ ಕೊಟ್ಟು ಒಳಹೋದ ಮೇಲೆ ಪ್ರತಿ ಪುಟಕ್ಕೂ ಮತ್ತೆ ಪಾಸ್‌ವರ್ಡ್ ಕೇಳದಿರುವುದಕ್ಕೂ ಸಾಮಾನ್ಯವಾಗಿ ಇಂತಹ ಚೀಟಿಯೇ ಕಾರಣ. ಕೆಲವು ಕುಕೀಗಳು ಬ್ರೌಸರ್ ಮುಚ್ಚಿದೊಡನೆ ಹೋಗುತ್ತವೆ. ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಕ್ರೋಮ್ ಬ್ರೌಸರ್ 2022ರಿಂದ ಹೆಚ್ಚೆಂದರೆ 400 ದಿನಗಳ ಮಿತಿ ಹಾಕಿದೆ.

ಅದೇ ಬೆಳೆಗಾರರು ಆಮೇಲೆ ಸುದ್ದಿಯ ತಾಣವೊಂದನ್ನು ತೆರೆದರು. ಪುಟದ ಸುದ್ದಿ ಆ ತಾಣದ್ದು. ಪಕ್ಕದ ಜಾಹೀರಾತು ಬೇರೆ ಕಂಪನಿಯದ್ದು. ಜಾಹೀರಾತು ಹಾಕಿದ ಕಂಪನಿಯೂ ತನ್ನ ಚೀಟಿಯೊಂದನ್ನು ಬ್ರೌಸರಿಗೆ ಕೊಡಬಹುದು. ಇದಕ್ಕೆ ‘ಥರ್ಡ್ ಪಾರ್ಟಿ ಕುಕೀ’, ಅಂದರೆ ಮೂರನೆಯವರ ಕುಕೀ ಎಂದು ಹೆಸರು. ಅದೇ ಕಂಪನಿಯ ಜಾಹೀರಾತು ಸಾಲದ ಕಂತು ಲೆಕ್ಕ ಹಾಕುವ ತಾಣದಲ್ಲಿಯೂ, ಔಷಧಿ ಮಾರುವ ತಾಣದಲ್ಲಿಯೂ ಇದ್ದರೆ, ಎಲ್ಲ ಕಡೆಯೂ ಒಂದೇ ನಂಬರು ಕಾಣಿಸುತ್ತದೆ. ಈ ನಂಬರಿನವರು ಬೆಳಿಗ್ಗೆ ದರ ನೋಡಿದರು, ಮಧ್ಯಾಹ್ನ ಸಾಲದ ಬಡ್ಡಿ ನೋಡಿದರು ಎಂದು ಲೆಡ್ಜರಿನಲ್ಲಿ ದಾಖಲಾಗುತ್ತ ಹೋಗುತ್ತದೆ. ಹೆಸರು ಗೊತ್ತಿಲ್ಲದಿದ್ದರೂ ಗರಜು ಗೊತ್ತಾಯಿತು. ಮುಂದೆ ಯಾವ ಪುಟ ತೆರೆದರೂ ‘ತಕ್ಷಣ ಸಾಲ’ ಎಂಬ ಜಾಹೀರಾತು ಕಂಡರೆ ಆಶ್ಚರ್ಯವಿಲ್ಲ.

ಸಂಕ್ರಮಣದ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ದನಗಳ ಜಾತ್ರೆಯೂ ಅದರೊಡನೆ ಸೇರುತ್ತದೆ. ನಮ್ಮ ನಾಡಿನ ದನದ ವ್ಯಾಪಾರದಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಹಳೆಯ ಪದ್ಧತಿಯೊಂದಿದೆ. ಕೊಡುವವನಿಗೆ, ಕೊಳ್ಳುವವನಿಗೆ ಮಾತ್ರ ಬೆಲೆ ತಿಳಿಯಬೇಕು, ಸುತ್ತ ನಿಂತವರಿಗಲ್ಲ ಎಂಬುದು ಅದರ ಗುಟ್ಟು. ಮೂರನೆಯವರ ಕುಕೀ ಎಂದರೆ ಟವೆಲಿನೊಳಗೆ ಇಣುಕುವ ಕಣ್ಣು. ಎತ್ತು ಮಾರುವಾಗ ಮುಚ್ಚಿಟ್ಟುಕೊಳ್ಳುವ ಗರಜನ್ನು ನಾವು ಜಾಲತಾಣದಲ್ಲಿ ಬಿಚ್ಚಿಡಬೇಕಾದ ಕಾರಣವಿಲ್ಲ. ಬೆಳೆಗೆ ಮೊದಲು ಕೈಯಲ್ಲಿ ಹಣವಿಲ್ಲದ ತಿಂಗಳುಗಳಲ್ಲಿ ದುಬಾರಿ ಬಡ್ಡಿಯ ಆಸೆ ತೋರಿಸುವವರಿಗೆ ಇಂತಹ ಸುಳಿವಿಗಿಂತ ಬೇರೆ ಬೇಕಿಲ್ಲ.

ತಡೆ ಮತ್ತು ಕಾನೂನು

ಸಫಾರಿ ಬ್ರೌಸರ್ 2020ರಿಂದ ಮೂರನೆಯವರ ಕುಕೀಗಳನ್ನು ತಾನಾಗಿಯೇ ತಡೆಯುತ್ತದೆ. ಫೈರ್‌ಫಾಕ್ಸ್ 2022ರಿಂದ ಒಂದೊಂದು ತಾಣದ ಕುಕೀಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಪ್ರತ್ಯೇಕಿಸುತ್ತದೆ. ಕ್ರೋಮ್‌ನಿಂದಲೂ ಅವನ್ನು ತೆಗೆಯುವುದಾಗಿ ಗೂಗಲ್ 2020ರಲ್ಲಿ ಹೇಳಿತ್ತು. 2024ರ ಜುಲೈನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಆದುದರಿಂದ ಕ್ರೋಮ್ ಬಳಸುವವರು ತಡೆಯ ಏರ್ಪಾಟನ್ನು ತಾವೇ ಮಾಡಿಕೊಳ್ಳಬೇಕು.

ಒಪ್ಪಿಗೆ ಕೇಳುವ ಬರಹ ಹರಡಿದ್ದು ಮುಖ್ಯವಾಗಿ ಯುರೋಪಿನ ಕಾನೂನಿನಿಂದ. ಮೊದಲೇ ಗುರುತು ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಅಲ್ಲಿನ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಒಪ್ಪುವುದಕ್ಕೆ ಒಂದೇ ಗುಂಡಿ, ನಿರಾಕರಿಸಲು ನಾಲ್ಕಾರು ಮೆಟ್ಟಿಲು ಇಟ್ಟಿದ್ದಕ್ಕಾಗಿ ಫ್ರಾನ್ಸಿನ ಮಾಹಿತಿ ಪ್ರಾಧಿಕಾರವು ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ವಿಧಿಸಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತು.

ನಮ್ಮ ದೇಶದಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 2023ರಲ್ಲಿ ಆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಸಮ್ಮತಿಯ ವಿಧಿಗಳನ್ನು ಜಾರಿಗೆ ತರಲು ಹದಿನೆಂಟು ತಿಂಗಳ ಅವಧಿ ಇಡಲಾಗಿದೆ. ಕುಕೀ ಎಂಬ ಹೆಸರು ಕಾಯ್ದೆಯಲ್ಲಿಲ್ಲ. ಆದರೆ ವ್ಯಕ್ತಿಯನ್ನು ಗುರುತಿಸಬಲ್ಲ ಯಾವುದೇ ಡಿಜಿಟಲ್ ಮಾಹಿತಿಗೂ ಅದು ಅನ್ವಯಿಸುತ್ತದೆ. ಸಮ್ಮತಿ ಕೇಳುವ ನೋಟೀಸನ್ನು ಕನ್ನಡದಲ್ಲಿ ಓದುವ ಅವಕಾಶ ಇರಬೇಕು. ಕೊಟ್ಟಷ್ಟೇ ಸುಲಭವಾಗಿ ಸಮ್ಮತಿಯನ್ನು ಹಿಂದಕ್ಕೆ ಪಡೆಯುವಂತಿರಬೇಕು ಎಂದು ಅದು ಹೇಳುತ್ತದೆ. ಈ ಎರಡು ಹಕ್ಕುಗಳನ್ನು ಸದಸ್ಯರು ತಿಳಿದಿರಬೇಕು.

ಸದಸ್ಯರು ಅನುಸರಿಸಬೇಕಾದ ಕ್ರಮಗಳು

1. ಒಪ್ಪಿಗೆಯ ಬರಹ ಬಂದಾಗ ‘ರಿಜೆಕ್ಟ್’ ಅಥವಾ ‘ಅಗತ್ಯ ಕುಕೀ ಮಾತ್ರ’ ಎಂಬ ಗುಂಡಿ ಇದೆಯೇ ನೋಡಿ, ಇದ್ದರೆ ಅದನ್ನೇ ಒತ್ತಬೇಕು. ಸಾಮಾನ್ಯವಾಗಿ ದರದ ಪಟ್ಟಿ ಆಗಲೂ ಕಾಣುತ್ತದೆ.

2. ಕ್ರೋಮ್‌ನ ಸೆಟ್ಟಿಂಗ್ಸಿನೊಳಗೆ ಸೈಟ್ ಸೆಟ್ಟಿಂಗ್ಸಿಗೆ ಹೋಗಿ ಥರ್ಡ್ ಪಾರ್ಟಿ ಕುಕೀಗಳನ್ನು ತಡೆಯುವ ಆಯ್ಕೆ ಮಾಡಬೇಕು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಇದು ಎರಡು ನಿಮಿಷದ ಕೆಲಸ.

3. ಸೈಬರ್ ಸೆಂಟರ್, ಸಂಘದ ಕಚೇರಿ ಮುಂತಾದ ಕಡೆ ಬೇರೆಯವರ ಕಂಪ್ಯೂಟರಿನಲ್ಲಿ ಬ್ಯಾಂಕಿನ ಅಥವಾ ಇಮೇಲಿನ ಕೆಲಸ ಮಾಡಿದರೆ ‘ಲಾಗ್ ಔಟ್’ ಒತ್ತದೆ ಏಳಬಾರದು. ಕಿಟಕಿ ಮುಚ್ಚಿದರೂ ಒಳಹೋದ ಚೀಟಿ ಉಳಿದಿರಬಹುದು. ಆ ಚೀಟಿ ಸಿಕ್ಕವನಿಗೆ ಪಾಸ್‌ವರ್ಡ್ ಬೇಕಾಗುವುದಿಲ್ಲ. ಎಲ್ಲ ಕ್ರಮಗಳಲ್ಲಿಯೂ ಇದು ಅತಿ ಮುಖ್ಯವಾದುದು.

4. ಅಂತಹ ಕಂಪ್ಯೂಟರಿನಲ್ಲಿ ‘ಇನ್‌ಕಾಗ್ನಿಟೊ’ ಕಿಟಕಿ ತೆರೆದು ಕೆಲಸ ಮಾಡಿ, ಮುಗಿದ ಮೇಲೆ ಅಂತಹ ಕಿಟಕಿಗಳನ್ನೆಲ್ಲ ಮುಚ್ಚಿದರೆ ಅದರ ಕುಕೀಗಳು ಅಳಿಯುತ್ತವೆ. ಆದರೆ ನೋಡಿದ ತಾಣಕ್ಕೆ ನಾವು ಕಾಣದೆ ಹೋಗುತ್ತೇವೆ ಎಂದು ಭಾವಿಸಬಾರದು.

5. ಆಗಾಗ ಬ್ರೌಸರಿನ ಹಳೆಯ ಕುಕೀಗಳನ್ನು ಅಳಿಸಬಹುದು. ಅಳಿಸಿದ ಮೇಲೆ ಪಾಸ್‌ವರ್ಡ್ ಮತ್ತೆ ಕೇಳುತ್ತದೆಯಾದ್ದರಿಂದ ಅದು ನೆನಪಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

6. ಮೊಬೈಲಿನ ಆ್ಯಪ್‌ಗಳು ಬ್ರೌಸರಿನ ಕುಕೀ ಬದಲು ಮೊಬೈಲಿಗೇ ಕೊಟ್ಟಿರುವ ಜಾಹೀರಾತು ನಂಬರನ್ನು ಬಳಸುತ್ತವೆ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಪ್ರೈವೆಸಿ, ಆಡ್ಸ್ ಎಂಬಲ್ಲಿ ಈ ನಂಬರನ್ನು ಅಳಿಸಲು ಅವಕಾಶವಿದೆ.

ಇಷ್ಟು ಮಾಡಿದರೆ ಎಲ್ಲ ಕಣ್ಣುಗಳೂ ಮುಚ್ಚುತ್ತವೆ ಎಂದಲ್ಲ. ನಮ್ಮ ಫೋನ್ ನಂಬರನ್ನು ನಾವೇ ತುಂಬಿ ಕೊಟ್ಟರೆ ಯಾವ ಸೆಟ್ಟಿಂಗೂ ಉಳಿಸಲಾರದು. ಹಾಗೆಂದು ದರ ನೋಡುವುದನ್ನು ಬಿಡಬೇಕಾಗಿಯೂ ಇಲ್ಲ. ದರ ತಿಳಿಯದ ಬೆಳೆಗಾರ ಮೊದಲೇ ಸೋತಂತೆ. ಪೇಟೆಯ ಸುದ್ದಿ ನಮಗೆ ಬರಲಿ, ನಮ್ಮ ಮನೆಯ ಸುದ್ದಿ ಪೇಟೆಗೆ ಹೋಗದಿರಲಿ. ಸಾಲ ಬೇಕಾದವರು ಜಾಹೀರಾತನ್ನು ಒತ್ತುವ ಮೊದಲು ಸಂಘದ ಕಚೇರಿಗೆ ಬಂದು ಬಡ್ಡಿಯ ಲೆಕ್ಕ ಕೇಳಬೇಕೆಂದು ಕೋರುತ್ತೇವೆ.