ವಿಜಯದಶಮಿಯಿಂದ ದೀಪಾವಳಿಯವರೆಗೆ: ಮನೆ, ಪಾಠ, ಉಲ್ಲನ್ ಹೆಣಿಗೆ

ಆಶ್ವಯುಜ, ಕಾರ್ತಿಕ ಸೇರಿದರೆ ಶರದೃತು. ಮಳೆಯ ಜೋರು ಇಳಿದು ಹಗಲಿಗೆ ಚುರುಕು ಬಿಸಿಲು, ಸಂಜೆ ಬೇಗ ಕತ್ತಲೆ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವರು ಹೊಸ ದಿನಚರಿ ಶುರುಮಾಡಲು ಜೂನ್‌ಗಿಂತ ಈ ಹೊತ್ತು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೂನ್‌ನಲ್ಲಿ ಬಟ್ಟೆ ಒಣಗುವುದಿಲ್ಲ, ಮಕ್ಕಳ ನೆಗಡಿ ಬಿಡುವುದಿಲ್ಲ, ಅರ್ಧ ದಿನ ಅದರಲ್ಲೇ ಕಳೆಯುತ್ತದೆ. ವಿಜಯದಶಮಿಯಿಂದ ದೀಪಾವಳಿ ಅಮಾವಾಸ್ಯೆಗೆ ಇಪ್ಪತ್ತು ತಿಥಿ. ಒಂದು ರೂಢಿ ಮನೆಯಲ್ಲಿ ನೆಲೆಯೂರಲು ಅಷ್ಟು ಸಾಕು.

ಮನೆ ಹಸನು ಮಾಡುವುದು, ಪಾಠ, ಹೆಣಿಗೆ ಮೂರನ್ನೂ ಒಂದೇ ದಿನ ಎತ್ತಿಕೊಳ್ಳಬೇಡಿ. ಮೊದಲು ಜಾಗ, ಆಮೇಲೆ ಹೊತ್ತು, ಕೊನೆಗೆ ಕೈಕೆಲಸ. ಪುಸ್ತಕ ಬಿಡಿಸಿಡಲು ಮೂರಡಿ ಜಾಗವಿಲ್ಲದ ಮನೆಯಲ್ಲಿ ಗೋಡೆಗೆ ವೇಳಾಪಟ್ಟಿ ಅಂಟಿಸಿ ಪ್ರಯೋಜನವಿಲ್ಲ.

ಹಂತ 1: ಜಾಗ ಬಿಡಿಸಿಕೊಳ್ಳಿ

ಬೊಂಬೆ ಕೂರಿಸುವ ಮನೆಗಳಲ್ಲಿ ಹಬ್ಬ ಮುಗಿದ ಮೇಲೆ ಬೊಂಬೆಗಳು ಪೆಟ್ಟಿಗೆ ಸೇರಿ ಅಟ್ಟ ಹತ್ತುತ್ತವೆ. ಹೇಗೂ ಏಣಿ ಹಾಕಿರುತ್ತೀರಿ, ಅಟ್ಟದ ಮೇಲಿರುವ ಉಳಿದದ್ದನ್ನೂ ಅಂದೇ ಕೆಳಗಿಳಿಸಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಈ ಕೆಲಸ ಮುಂದೂಡುವಂತಿಲ್ಲ. ನಾಲ್ಕು ತಿಂಗಳ ಮಳೆಗೆ ಪುಸ್ತಕದ ರಟ್ಟು, ಚರ್ಮದ ಚೀಲ, ಮರದ ಕಪಾಟಿನ ಹಿಂಬದಿ ಎಲ್ಲಕ್ಕೂ ಬೂಷ್ಟು ಹಿಡಿದಿರುತ್ತದೆ. ಹಾಸಿಗೆ, ರಗ್ಗು, ಪುಸ್ತಕಗಳನ್ನು ಬಿಸಿಲಿಗೆ ಹಾಕಿ. ಹೊದಿಕೆಗಳ ನಡುವೆ ನುಸಿಗುಳಿಗೆ ಇಟ್ಟಿದ್ದರೆ ಅವನ್ನು ನೀವೇ ಎಣಿಸಿ ತೆಗೆಯಿರಿ. ಅದು ವಿಷ, ನೋಡಲು ಪೆಪ್ಪರಮಿಂಟಿನ ಹಾಗಿರುತ್ತದೆ, ಚಿಕ್ಕ ಮಕ್ಕಳ ಕೈಗೆ ಸಿಗಬಾರದು.

ದಿನಕ್ಕೆ ಒಂದೇ ಕಪಾಟು ಸಾಕು. ಸಾಮಾನನ್ನು ಮೂರು ಗುಡ್ಡೆ ಮಾಡಿ: ಇರುವುದು, ಹೊರಡುವುದು, ರಿಪೇರಿಗೆ ಹೋಗುವುದು. ನಾಲ್ಕನೆಯ ಗುಡ್ಡೆಗೆ, ಅಂದರೆ ‘ಮುಂದೆ ಯಾವಾಗಲಾದರೂ ಬೇಕಾಗಬಹುದು’ ಎನ್ನುವುದಕ್ಕೆ, ಜಾಗ ಕೊಡಬೇಡಿ. ಹೊರಡುವುದು ಅಂದೇ ಹೊಸಿಲು ದಾಟಲಿ. ಹಳೇ ಪೇಪರ್, ಮುಚ್ಚಳವಿಲ್ಲದ ಡಬ್ಬಿಗಳು ಗುಜರಿಗೆ ಹೋಗಲಿ. ಅರ್ಧ ಬರೆದ ನೋಟ್‌ಬುಕ್ಕುಗಳ ಖಾಲಿ ಹಾಳೆ ಕಿತ್ತು ದಬ್ಬಣದಿಂದ ಹೊಲಿದರೆ ಮಕ್ಕಳಿಗೆ ಲೆಕ್ಕದ ಪುಸ್ತಕವಾಯಿತು. ಸವೆದ ಹತ್ತಿ ಸೀರೆಗಳನ್ನು ಮಾತ್ರ ಗುಜರಿಗೆ ಹಾಕಬೇಡಿ. ಉತ್ತರ ಕರ್ನಾಟಕದ ಹೆಂಗಸರು ಅಂಥ ಸೀರೆಗಳನ್ನೇ ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುತ್ತ ಬಂದಿದ್ದಾರೆ. ಹೊಲಿಯುವವರು ಗೊತ್ತಿದ್ದರೆ ಕೊಟ್ಟು ಹೊಲಿಸಿ, ಚಳಿಗೆ ಅದಕ್ಕಿಂತ ಹಿತವಾದ ಹೊದಿಕೆ ಇಲ್ಲ.

ಮಕ್ಕಳ ಆಟಿಕೆಯನ್ನು ಅವರ ಬೆನ್ನ ಹಿಂದೆ ಎಸೆಯುವುದನ್ನು ನಾನು ಒಪ್ಪುವುದಿಲ್ಲ. ಏನು ಹೊರಡಬೇಕೆಂದು ಅವರೇ ಹೇಳಲಿ. ತಡವಾಗುತ್ತದೆ, ಆಗಲಿ.

ಹಂತ 2: ಪಾಠಕ್ಕೆ ಒಂದು ಹೊತ್ತು ಗೊತ್ತುಮಾಡಿ

ನವರಾತ್ರಿಯಲ್ಲಿ ಪುಸ್ತಕಗಳನ್ನು ಸರಸ್ವತಿಯ ಮುಂದೆ ಪೂಜೆಗಿಟ್ಟು, ವಿಜಯದಶಮಿಯಂದು ತೆಗೆದು ಒಂದು ಪುಟವಾದರೂ ಓದುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಆ ಒಂದು ಪುಟದಿಂದಲೇ ಆರಂಭಿಸಿ. ಮರುದಿನವೂ ಅದೇ ಹೊತ್ತಿಗೆ, ಅದೇ ಚಾಪೆಯ ಮೇಲೆ ಕೂರಲಿ. ಮೊದಲ ವಾರ ಬೆಳಗಿನ ತಿಂಡಿಯಾದ ಮೇಲೆ ಒಂದು ಗಂಟೆ ಮಾತ್ರ: ಅರ್ಧ ಗಂಟೆ ಕನ್ನಡ, ಅರ್ಧ ಗಂಟೆ ಲೆಕ್ಕ. ಎರಡನೆಯ ವಾರ ಇನ್ನೊಂದು ವಿಷಯ ಸೇರಿಸಿ. ಶಾಲೆಯ ಎಂಟು ಪೀರಿಯಡ್ಡುಗಳನ್ನು ಮನೆಯೊಳಗೆ ತರಲು ಹೋಗಬೇಡಿ. ಒಂದೆರಡು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕಲಿಸುವಾಗ ಅಷ್ಟು ಹೊತ್ತು ಬೇಕಾಗುವುದೇ ಇಲ್ಲ.

ಪಠ್ಯಕ್ಕೆ ಹುಡುಕಾಡಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳನ್ನು ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಕಾನೂನಿನ ವಿಚಾರವನ್ನೂ ತಿಳಿದಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಶಿಕ್ಷಣದ ಹಕ್ಕು ಕೊಡುತ್ತದೆ. ಮನೆಪಾಠದ ವಿಷಯವನ್ನು ಅದು ಹೆಸರಿಸಿ ಹೇಳುವುದಿಲ್ಲ. ಮುಂದೆ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಚ್ಚಿನವರು ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. ಅದಕ್ಕೆ ಸೇರಲು 14 ವರ್ಷ ತುಂಬಿರಬೇಕು, ಐದು ವಿಷಯ ಪಾಸಾಗಬೇಕು. ಈಗ ಏಳೆಂಟು ವರ್ಷದ ಮಗುವಿದ್ದರೆ ಅದರ ಚಿಂತೆ ಇಂದೇ ಬೇಡ.

ಸಂಜೆಗೆ ಪುಸ್ತಕವಿಲ್ಲದ ಪಾಠವೊಂದಿರಲಿ. ಸೂರ್ಯ ಮುಳುಗುವ ಹೊತ್ತನ್ನು ಮಗು ದಿನವೂ ಕ್ಯಾಲೆಂಡರಿನ ಮೇಲೆ ಬರೆಯಲಿ. ಬೆಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಆರೂ ಮುಕ್ಕಾಲರ ಆಸುಪಾಸಿಗೆ ಮುಳುಗುವ ಸೂರ್ಯ ನವೆಂಬರ್‌ನಲ್ಲಿ ಆರಕ್ಕೆ ಮೊದಲೇ ಮರೆಯಾಗುತ್ತಾನೆ. ಯಾಕೆ ಎಂದು ಮಗುವೇ ಕೇಳುವವರೆಗೆ ಕಾಯಿರಿ. ದೀಪಾವಳಿಯ ನಂತರ ಕತ್ತಲಾದ ಮೇಲೆ ಪೂರ್ವಕ್ಕೆ ಮುಖಮಾಡಿ ಕೃತ್ತಿಕೆಯ ಪುಟ್ಟ ಗೊಂಚಲನ್ನು ತೋರಿಸಿ. ಕಾರ್ತಿಕ ಹುಣ್ಣಿಮೆಯ ಚಂದ್ರ ಅದರ ಬಳಿಯೇ ಇರುತ್ತಾನೆ.

ಹಂತ 3: ಹೆಣಿಗೆಗೆ ಸಾಮಾನು ತನ್ನಿ

ಈಗ ಸಂಜೆಯ ಕೈಕೆಲಸ. ಮೊದಲ ಸಲಕ್ಕೆ ಸ್ವೆಟರ್ ಬೇಡ, ಮಫ್ಲರ್ ಕೂಡ ಬೇಡ. ಉದ್ದ ನೋಡಿಯೇ ಮಗುವಿಗೆ ಬೇಸರ ಬರುತ್ತದೆ. ಕಿವಿ ಮುಚ್ಚುವ ಒಂದು ತಲೆಪಟ್ಟಿ ಹೆಣೆಯಿರಿ. ಬೇಕಾದದ್ದು 4 ಮಿಲಿಮೀಟರ್‌ನ ಒಂದು ಜೊತೆ ಕಡ್ಡಿ (ಹಳೆಯ ಲೆಕ್ಕದಲ್ಲಿ 8ನೇ ನಂಬರ್), 8 ಪ್ಲೈ ದಪ್ಪದ 50 ಗ್ರಾಂ ಉಲ್ಲನ್, ಮೊಂಡು ತುದಿಯ ದಪ್ಪ ಸೂಜಿ, ಟೇಪು. ಬಿದಿರಿನ ಕಡ್ಡಿ ಸಿಕ್ಕರೆ ಒಳ್ಳೆಯದು, ಸ್ಟೀಲ್ ಕಡ್ಡಿಯಲ್ಲಿ ಕುಣಿಕೆ ಬೇಗ ಜಾರುತ್ತದೆ. ಬಣ್ಣ ತಿಳಿಯಾಗಿರಲಿ, ಕಪ್ಪು, ಕಡುನೀಲಿಯಲ್ಲಿ ಸಂಜೆಯ ಬೆಳಕಿಗೆ ಕುಣಿಕೆ ಕಾಣುವುದಿಲ್ಲ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅಕ್ರಿಲಿಕ್, ಕಲಿಯಲು ಅದೇ ಸಾಕು. ನಮ್ಮ ದಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಆದರೆ ಮಗುವಿನ ಕಿವಿಗೆ ಚುಚ್ಚುತ್ತದೆ.

ಹಂತ 4: ಕುಣಿಕೆ ಏರಿಸಿ

ಉಲ್ಲನ್ ತುದಿಯಿಂದ ಒಂದು ಗೇಣು ಬಿಟ್ಟು ಜೀರುಕುಣಿಕೆ ಹಾಕಿ, ಬಲಗೈಯ ಕಡ್ಡಿಗೆ ಏರಿಸಿ. ಇದು ಮೊದಲನೆಯದು. ಉಂಡೆಯ ಕಡೆಯ ದಾರವನ್ನು ಎಡಗೈ ಹೆಬ್ಬೆರಳಿಗೆ ಒಂದು ಸುತ್ತು ಸುತ್ತಿ, ಹೆಬ್ಬೆರಳಿನ ಮುಂದಿರುವ ಎಳೆಯ ಕೆಳಗಿನಿಂದ ಕಡ್ಡಿಯನ್ನು ಮೇಲಕ್ಕೆ ತೂರಿಸಿ, ಬೆರಳು ಬಿಡಿಸಿಕೊಂಡು ದಾರವನ್ನು ಮೆಲ್ಲಗೆ ಎಳೆಯಿರಿ. ಎರಡನೆಯ ಕುಣಿಕೆಯಾಯಿತು. ಹೀಗೆ ಇಪ್ಪತ್ತು. ಬಿಗಿಯಾಗಿ ಎಳೆಯಬೇಡಿ. ಕುಣಿಕೆ ಕಡ್ಡಿಯ ಮೇಲೆ ಆರಾಮವಾಗಿ ಹಿಂದೆ ಮುಂದೆ ಸರಿಯಬೇಕು.

ಹಂತ 5: ಸಾಲು ಹೆಣೆಯಿರಿ

ಕುಣಿಕೆಗಳಿರುವ ಕಡ್ಡಿಯನ್ನು ಎಡಗೈಗೆ ತನ್ನಿ, ದಾರ ಹಿಂಬದಿಗಿರಲಿ. ಖಾಲಿ ಕಡ್ಡಿಯ ತುದಿಯನ್ನು ಮೊದಲ ಕುಣಿಕೆಯೊಳಗೆ ಎಡದಿಂದ ಬಲಕ್ಕೆ, ಮುಂದಿನಿಂದ ಹಿಂದಕ್ಕೆ ತೂರಿಸಿ. ಎರಡು ಕಡ್ಡಿಗಳು ಒಂದನ್ನೊಂದು ದಾಟುತ್ತವೆ, ಬಲಗಡ್ಡಿ ಹಿಂದೆ. ದಾರವನ್ನು ಬಲಗಡ್ಡಿಯ ಕೆಳಗಿನಿಂದ ತಂದು ಎರಡು ಕಡ್ಡಿಗಳ ನಡುವೆ ಮುಂದಕ್ಕೆ ಹಾಯಿಸಿ. ಈಗ ಬಲಗಡ್ಡಿಯ ತುದಿಯಿಂದ ಆ ದಾರವನ್ನು ಹಳೆಯ ಕುಣಿಕೆಯ ಮೂಲಕ ಮುಂದಕ್ಕೆ ಎಳೆದುಕೊಳ್ಳಿ. ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಿಬಿಡಿ. ಸಾಲು ಮುಗಿದ ಮೇಲೆ ಕಡ್ಡಿಗಳನ್ನು ಕೈ ಬದಲಿಸಿ ಇದನ್ನೇ ಮತ್ತೆ ಮಾಡಿ. ಪ್ರತಿ ಸಾಲಿಗೂ ಇದೇ ಹೆಣಿಗೆ, ಬೇರೆ ಕಲಿಯಬೇಕಿಲ್ಲ. ಎರಡು ಸಾಲಿಗೆ ಒಂದು ದಿಂಡು ಮೂಡುತ್ತದೆ.

ಪ್ರತಿ ಸಾಲಿನ ಕೊನೆಗೂ ಮಗು ಜೋರಾಗಿ ಎಣಿಸಲಿ. ಇಪ್ಪತ್ತಿದ್ದದ್ದು ಇಪ್ಪತ್ತೊಂದಾಯಿತೇ? ಹೆಚ್ಚಾಗಿ ತಪ್ಪಿರುವುದು ಸಾಲಿನ ಮೊದಲಲ್ಲಿ. ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಬಿದ್ದರೆ ಮೊದಲ ಕುಣಿಕೆ ಎರಡರಂತೆ ಕಾಣುತ್ತದೆ. ಸಾಲು ಶುರುಮಾಡುವ ಮೊದಲು ದಾರವನ್ನು ಕಡ್ಡಿಯ ಕೆಳಗಿನಿಂದಲೇ ಹಿಂದಕ್ಕೆ ತೆಗೆದುಕೊಂಡರೆ ಸರಿಹೋಗುತ್ತದೆ. ಹತ್ತೊಂಬತ್ತಾಗಿದ್ದರೆ ಎಲ್ಲೋ ಒಂದು ಕುಣಿಕೆ ಬಿದ್ದಿದೆ ಅಥವಾ ಎರಡನ್ನು ಸೇರಿಸಿ ಹೆಣೆದಿದ್ದೀರಿ.

ಹಂತ 6: ಅಳೆಯಿರಿ, ಮುಗಿಸಿ

ಹತ್ತು ದಿಂಡಾದಾಗ ಟೇಪು ಹಿಡಿಯಿರಿ. ಹತ್ತು ದಿಂಡಿಗೆ 5 ಸೆಂ.ಮೀ. ಬಂದಿದೆ ಎನ್ನಿ. ಮಕ್ಕಳ ತಲೆಪಟ್ಟಿಗೆ ಸುಮಾರು 45 ಸೆಂ.ಮೀ. ಬೇಕು, ತೊಟ್ಟಾಗ ಹಿಗ್ಗುತ್ತದೆ. ಹಾಗಾದರೆ ಒಟ್ಟು ಎಷ್ಟು ದಿಂಡು? ತೊಂಬತ್ತು, ಅಂದರೆ ನೂರ ಎಂಬತ್ತು ಸಾಲು. ದಿನಕ್ಕೆ ಹತ್ತು ಸಾಲಿನಂತೆ ಹದಿನೆಂಟು ದಿನ. ಬೆಳಗಿನ ಪಾಠದಲ್ಲಿ ತಲೆಗೆ ಹತ್ತದ ತ್ರೈರಾಶಿ ಇಲ್ಲಿ ಮಗುವಿಗೆ ನಿಜವಾಗಿ ಬೇಕಾಗುತ್ತದೆ. ಮನೆಪಾಠದ ಜೊತೆ ಹೆಣಿಗೆ ಇರಲೇಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಸಾಕಷ್ಟು ಉದ್ದವಾದ ಮೇಲೆ ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎಡಗಡ್ಡಿಯ ತುದಿಯಿಂದ ಎತ್ತಿ ಎರಡನೆಯದರ ಮೇಲಿಂದ ದಾಟಿಸಿ ಬಿಡಿ. ಇನ್ನೊಂದು ಹೆಣೆಯಿರಿ, ಮತ್ತೆ ದಾಟಿಸಿ. ಕೊನೆಗೆ ಒಂದೇ ಕುಣಿಕೆ ಉಳಿದಾಗ ಎರಡು ಗೇಣು ಬಿಟ್ಟು ದಾರ ಕತ್ತರಿಸಿ, ಅದರೊಳಗೆ ತೂರಿಸಿ ಎಳೆಯಿರಿ. ಅದೇ ದಾರವನ್ನು ಸೂಜಿಗೆ ಪೋಣಿಸಿ ಪಟ್ಟಿಯ ಎರಡು ತುದಿ ಸೇರಿಸಿ ಹೊಲಿಯಿರಿ. ಉಳಿದ ಎಳೆಗಳನ್ನು ಒಳಬದಿಯ ದಿಂಡುಗಳಲ್ಲಿ ನಾಲ್ಕಾರು ಸಲ ಹಾಯಿಸಿ. ಒಗೆಯುವಾಗ ತಣ್ಣೀರು, ಸ್ವಲ್ಪ ಸೋಪು. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರವಿ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಬೇಡಿ, ಬಿಸಿಗೆ ದಿಂಡುಗಳು ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ.